ಬಾವುಟದ ನಡುವೆ

ದೀಕ್ಷಾಸ್ನಾನದ ಹಬ್ಬ ತಿಮ್ಕತ್‌ಗೆ ಉಡದ ಬಟ್ಟೆ ಹರಿದು ಚಿಂದಿಯಾಗಲಿ ಅಂತ ನಮ್ಮಲ್ಲೊಂದು ಗಾದೆಯಿದೆ. ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಪೊಲೀಸರ ಕಾಟ ಇರಲಿಲ್ಲವೆಂದು ಕಾಣುತ್ತದೆ. ಮಗಳು ಬೆಜಾವಿತ್ ಹಬ್ಬದ ಮೆರವಣಿಗೆಯಲ್ಲಿ ಹಾಡಲು ಹೋಗುವವಳೆಂದು ಅಸ್ನಾಕೆಚ್ ತಾನೇ ನೂಲು ತೆಗೆದು ಬಿಳಿ ಲಂಗ ನೇಯಿಸಿದ್ದಳು. ಅಂಚಿಗೆ ದೇಶದ ಬಾವುಟದ ಹಸಿರು, ಹಳದಿ, ಕೆಂಪು ಪಟ್ಟಿಯನ್ನು ಕೈಯಾರೆ ಹೊಲಿದಿದ್ದಳು. ಹಬ್ಬದ ದಿನ ಬೆಳಿಗ್ಗೆ ರೇಡಿಯೋ ಹೇಳಿತು: ನಡುವೆ ನಕ್ಷತ್ರವಿಲ್ಲದ ಬಾವುಟ ಕಾನೂನಿಗೆ ವಿರುದ್ಧ, ಅಂಥದ್ದನ್ನು ಉಟ್ಟವರನ್ನೂ ಹಿಡಿದವರನ್ನೂ ದಾರಿಯಲ್ಲೇ ತಡೆಯುತ್ತಾರೆ.

ಲಂಗ ಬದಲಿಸೆಂದು ಅಸ್ನಾಕೆಚ್ ಮಗಳನ್ನು ಗೋಗರೆದಳು. ಹುಡುಗಿ ಕೇಳಬೇಕಲ್ಲ!

"ಮಳೆಬಿಲ್ಲಿಗೆ ಕನ್ಯೆ ಮರಿಯಮ್ಮನ ನಡುಪಟ್ಟಿ ಅಂತ ಹೇಳಿಕೊಟ್ಟೋಳು ನೀನೇ ಅಲ್ವೇನಮ್ಮಾ? ಅವಳ ಪಟ್ಟಿಗೂ ಇವರು ನಕ್ಷತ್ರ ಹೊಲೀತಾರಾ?"

ಹುಡುಗಿಗೇನು ಗೊತ್ತು. ಬಣ್ಣ ಮೂರೂ ಹಳೆಯವೇ, ಜಗಳವೆಲ್ಲ ನಡುವಿನದು. ದೊರೆಯ ಕಾಲಕ್ಕೆ ಅಲ್ಲಿ ಸಿಂಹವಿತ್ತು. ಸೈನಿಕರು ದೊರೆಯನ್ನು ಇಳಿಸಿದರು, ಸಿಂಹ ಹೋಗಿ ಬೇರೆ ಲಾಂಛನ ಬಂತು. ಅವರೂ ಹೋದರು, ನೀಲಿ ಚಕ್ರದೊಳಗೆ ಹಳದಿ ನಕ್ಷತ್ರ ಬಂತು. ಆಳುವವರು ಬದಲಾದಾಗಲೆಲ್ಲ ಜನ ನಿನ್ನೆಯ ಬಾವುಟವನ್ನು ಗುಟ್ಟಾಗಿ ಒಲೆಗೆ ಹಾಕಿದರು. ಸೈನಿಕರ ಕಾಲದಲ್ಲಿ ಅಸ್ನಾಕೆಚ್‌ಳ ಅಣ್ಣ ಗೆಟ್ನೆಟ್ ಪೆಟ್ಟಿಗೆಯ ತಳದಲ್ಲಿದ್ದ ಸಿಂಹದ ಬಾವುಟ ಸುಡಲು ಮರೆತ. ಎರಡು ಮಾತು ಕೇಳಿ ಕಳಿಸುತ್ತೇವೆಂದು ಕರೆದುಕೊಂಡು ಹೋದವರು ಕಳಿಸಲೇ ಇಲ್ಲ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ, ಇವಳಿಗೆ ನೂಲು ಕಂಡರೂ ಭಯ.

ಆದ್ದರಿಂದ ಮಗಳ ಬೆನ್ನಿಗೇ ಹೊರಟಳು. ಹೊರಡುವ ಮೊದಲು ನೀಲಿ ಬಟ್ಟೆ ದುಂಡಗೆ ಕತ್ತರಿಸಿ, ಹಳದಿ ನೂಲಿನಲ್ಲಿ ಐದು ಮೂಲೆಯ ನಕ್ಷತ್ರ ಹಾಕಿ, ಸೂಜಿಯೊಂದಿಗೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಹಬ್ಬ ನಡೆಯುವ ಜಾನ್ ಮೇಡಾ ಬಯಲಿಗೆ ಇಳಿಯುವ ದಾರಿಯಲ್ಲಿ ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು. ಆಚೆ ಬದಿಗೊಂದು ಲಾರಿ, ಅದರಲ್ಲಿ ತಲೆ ತಗ್ಗಿಸಿ ಕೂತ ಐದಾರು ಜನ. ಜನರ ನೂಕುನುಗ್ಗಲಲ್ಲೇ ಅಸ್ನಾಕೆಚ್ ಮಗಳ ಕಾಲ ಬಳಿ ಮಂಡಿಯೂರಿ, ಪಟ್ಟಿಯ ಮೇಲೆ ನಕ್ಷತ್ರವಿಟ್ಟು ಹೊಲಿಯತೊಡಗಿದಳು. ಎರಡು ಸಲ ಸೂಜಿ ಬೆರಳಿಗೇ ಚುಚ್ಚಿತು.

"ಬಿಡಮ್ಮಾ, ಬೇಡ," ಎಂದಳು ಬೆಜಾವಿತ್.

"ನನಗೋಸ್ಕರ ಕಣೇ. ಅಲ್ಲಾಡಬೇಡ."

ಹುಡುಗಿ ಲಂಗದ ಅಂಚನ್ನು ತಾನೇ ಬಿಗಿಯಾಗಿ ಎಳೆದು ಹಿಡಿದಳು.

ಸಾಲು ಮುಂದೆ ಸರಿಯಿತು. ಇವರ ಮುಂದಿದ್ದ ಹೆಂಗಸಿನ ಶಾಲಿಗೂ ಬರೀ ಮೂರು ಬಣ್ಣದ ಅಂಚು. ಪೊಲೀಸ ಕತ್ತರಿ ತೆಗೆದು ಅಂಚನ್ನು ಕತ್ತರಿಸಿ ರಾಶಿಗೆ ಎಸೆದ. ಹೋಗಮ್ಮ ಅಂದ. ಅವಳು ಹೋದಳು. ಅಷ್ಟೇ! ಅಸ್ನಾಕೆಚ್ ಬಾಯಿ ತೆರೆದು ನೋಡುತ್ತ ನಿಂತಳು.

ಪೊಲೀಸ ಬೆಜಾವಿತ್‌ಳ ಲಂಗದ ಅಂಚನ್ನು ಎತ್ತಿ ನೋಡಿದ. ನೀಲಿಯ ಮೇಲೆ ಬೆರಳಿಟ್ಟ.

"ನಕ್ಷತ್ರದ ಕಿರಣ ಎಲ್ಲಿ?"

ಸರ್ಕಾರದ ನಕ್ಷತ್ರಕ್ಕೆ ಮೂಲೆಮೂಲೆಗಳ ನಡುವೆ ಕಿರಣಗಳಿವೆ. ಅಸ್ನಾಕೆಚ್ ಗಾಬರಿಯಲ್ಲಿ ಐದು ಮೂಲೆಯನ್ನಷ್ಟೇ ನೆನಪಿಟ್ಟುಕೊಂಡಿದ್ದಳು.

"ಇಲ್ಲದೆ ಬಂದೋರಿಗೆ ಗೊತ್ತಿರ್ಲಿಲ್ಲ ಅನ್ನಬಹುದು. ನೀನು ಗೊತ್ತಿದ್ದೂ ಸರ್ಕಾರದ ಗುರುತನ್ನ ಅಣಕ ಮಾಡಿದೀಯ. ಯಾರು ಹೊಲಿದಿದ್ದು ಇದನ್ನ?"

ತಾಯಿ ‘ನಾನು’ ಅನ್ನಬೇಕಿತ್ತು. ಒಂದೇ ಒಂದು ಮಾತು. ಅಸ್ನಾಕೆಚ್ ಬಾಯಿ ತೆರೆದಳು, ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಕಣ್ಣೆದುರು ಲಾರಿಯೊಂದೇ ಕಾಣುತ್ತಿತ್ತು.

"ನಾನೇ ಹೊಲಿದೆ," ಎಂದಳು ಬೆಜಾವಿತ್.

ಪೊಲೀಸ ಅವಳ ತೋಳು ಹಿಡಿದ. ಎರಡು ಮಾತು ಕೇಳಿ ಕಳಿಸ್ತೀವಿ ಅಂತಲೂ ಹೇಳಿದ. ಲಾರಿ ಹತ್ತಿದ ಹುಡುಗಿ ಒಮ್ಮೆ ತಿರುಗಿ, ಮನೆಗೆ ಹೋಗು ಎಂದು ಕೈಸನ್ನೆ ಮಾಡಿದಳು.

ಲಾರಿ ಹೊರಟ ಮೇಲೆ ಅಸ್ನಾಕೆಚ್‌ಗೆ ದನಿ ಬಂತು. "ನಾನು! ನಾನು ಹೊಲಿದಿದ್ದು!" ಎಂದು ಕೂಗುತ್ತ ಓಡಿದಳು. ಅಷ್ಟರಲ್ಲಿ ಗುಡಿಯ ಪವಿತ್ರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತ ಪಾದ್ರಿ ಬಂದ. ಸುತ್ತಲಿನ ಹೆಂಗಸರೆಲ್ಲ ಹಿಗ್ಗಿನಿಂದ ನಾಲಗೆ ಆಡಿಸಿ ಕೂಗೆಬ್ಬಿಸಿದರು. ಪಕ್ಕದಲ್ಲಿದ್ದ ಅಜ್ಜಿ ಇವಳೂ ಭಕ್ತಿಯಿಂದಲೇ ಕೂಗುತ್ತಿದ್ದಾಳೆಂದುಕೊಂಡು, ಕೈ ಹಿಡಿದು ಜೊತೆಗೆ ಕುಣಿಯಲು ಕರೆದಳು.