ಎದ್ದು ನಡೆಯುವ, ಪೂವಮ್ಮ

ಸೊಂಟ ಹಿಡಿದುಕೊಂಡ ಪೂವಮ್ಮನಿಗೆ ಪುಂಜಾಲಕಟ್ಟೆಯ ಡಾಕ್ಟರ್ ಅಬ್ದುಲ್ ಹಕೀಂ ಕೆಲವು ವಾರ ಹಲಗೆಯ ಮೇಲೆ ಮಲಗಿರಲು ಹೇಳಿದ್ದರು. ತೊಂಬತ್ತಾರನೇ ಇಸವಿಯಲ್ಲಿ ಊರಿನ ಡಾಕ್ಟರುಗಳೆಲ್ಲ ಹೇಳುತ್ತಿದ್ದುದು ಅದನ್ನೇ. ಗಂಡ ಲೋಕಯ್ಯ ಹಾಸಿಗೆ ತೆಗೆದು ಹಲಗೆ ಹಾಕಿದ. ಅಡುಗೆ, ದನದ ಕೆಲಸ ತಾನೇ ಮಾಡಿದ. ಹೆಂಡತಿಯ ತಲೆಯನ್ನೂ ಬಾಚಿದ.

ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ವೈದ್ಯರ ಸಭೆಯೊಂದು ನಡೆಯಿತು; ಹಕೀಮರೂ ಹೋಗಿದ್ದರು. ಮಂಗಳೂರಿನಿಂದ ಬಂದ ವೈದ್ಯೆಯೊಬ್ಬರು ಹೊಸ ಅಧ್ಯಯನಗಳನ್ನು ವಿವರಿಸಿದರು. ಸಾಮಾನ್ಯ ಸೊಂಟನೋವಿನಲ್ಲಿ ಮಲಗಿದವರಿಗಿಂತ ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡಿದ್ದರು. ಹಕೀಮರಿಗೆ ಪೂವಮ್ಮನ ನೆನಪಾಯಿತು. ಊಟಕ್ಕೂ ನಿಲ್ಲದೆ ಸ್ಕೂಟರ್ ಹತ್ತಿ ಅವಳ ಮನೆಗೆ ಬಂದರು.

ಕಾಲಿನಲ್ಲಿ ಜೋಮು ಉಂಟಾ, ಮೂತ್ರಕ್ಕೆ ತೊಂದರೆ ಉಂಟಾ ಎಂದು ಕೇಳಿ, ಕಾಲುಗಳನ್ನು ಎತ್ತಿ ನೋಡಿದರು. ಗಾಬರಿಪಡುವಂಥದ್ದು ಏನೂ ಇರಲಿಲ್ಲ.

"ಇನ್ನು ಮಲಗುವುದು ಬೇಡ ಪೂವಮ್ಮ. ಮೆಲ್ಲ ಎದ್ದು ನಡೆಯುವ."

ಲೋಕಯ್ಯನಿಗೆ ಸಿಟ್ಟು ಬಂತು. "ಮಲಗಲಿಕ್ಕೆ ಹೇಳಿದ್ದು ನೀವೇ ಅಲ್ವಾ ಡಾಕ್ಟ್ರೇ? ನೀರು ಕುಡಿಯಲಿಕ್ಕೂ ಇವಳನ್ನು ಏಳಲಿಕ್ಕೆ ಬಿಡ್ಲಿಲ್ಲ ನಾನು."

"ಹೌದು, ನಾನೇ ಹೇಳಿದ್ದು. ನನಗೆ ಗೊತ್ತಿದ್ದದ್ದು ಅಷ್ಟೇ. ಈಗ ಸುಮಾರು ಜನರನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಮಲಗಿದ್ರೆ ಗುಣ ಆಗುವುದು ತಡ ಆಗ್ತದೆ."

"ನಾಳೆ ಇದೂ ತಪ್ಪು ಅಂತಾದ್ರೆ?"

"ಆಗಲೂ ನಾನೇ ಬಂದು ಹೇಳ್ತೇನೆ ಲೋಕಯ್ಯ."

ಪೂವಮ್ಮ ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. "ಬೆನ್ನು ಮುರಿದು ಹೋದ್ರೆ?"

"ಮುರಿಯುವುದಿಲ್ಲ. ಸ್ವಲ್ಪ ನೋವಾಗ್ತದೆ, ಅಷ್ಟೇ."

ಅವಳು ಪಕ್ಕಕ್ಕೆ ಹೊರಳಿ, ಕೈಯೂರಿ ಎದ್ದಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಡಾಕ್ಟರು. ಜಗಲಿಗೆ ಬಂದು ಬಿಸಿಲಲ್ಲಿ ನಿಂತಾಗ ಅವಳಿಗೆ ಅಳು ಬಂತು. "ನೋವಾ?" ಎಂದು ಲೋಕಯ್ಯ ಕೇಳಿದ. ಅಲ್ಲವೆಂದು ತಲೆಯಾಡಿಸಿದಳು.

ಗುಣವಾಗುವುದು ಸುಲಭವಾಗಲಿಲ್ಲ. ಕೆಲವು ದಿನ ಬಚ್ಚಲಿನವರೆಗೆ ಹೋಗುವುದೇ ಸಾಕಾಗುತ್ತಿತ್ತು. ಆದರೂ ತಿಂಗಳೊಳಗೆ, ಮನೆಯಲ್ಲಿ ಕೂತು ಕಟ್ಟಿದ ಬೀಡಿಯನ್ನು ಪೇಟೆಗೆ ತಾನೇ ಒಯ್ದು ಕೊಡುವಂತಾದಳು.

ಎಲ್ಲರೂ ಹೀಗೆ ನಂಬಲಿಲ್ಲ. ಸೊಂಟನೋವಿಗೆ ಹಕೀಮರ ಮಾತಿನಂತೆ ಮಲಗಿದ್ದ ಬಟ್ಟೆ ಅಂಗಡಿಯ ಹಸನಬ್ಬ, "ಒಮ್ಮೆ ಮಲಗು ಅಂತೀರಿ, ಒಮ್ಮೆ ನಡಿ ಅಂತೀರಿ" ಎಂದು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಹಳೆಯ ಸ್ನೇಹಿತರೇ ಹೀಗೆ ಬಿಟ್ಟುಹೋದದ್ದಕ್ಕೆ ಹಕೀಮರಿಗೆ ಬೇಸರವಾಯಿತು.

ಆ ವಾರವೇ ಪೂವಮ್ಮನ ನೆರೆಮನೆಯ ಜೈನಬಮ್ಮ ಸೊಂಟ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು.

"ನೀವು ಈಗ ಮಲಗಿಸುವುದಿಲ್ಲಂತೆ, ಪೂವಮ್ಮ ಹೇಳಿದ್ಳು. ನನಗೆ ಮಲಗಲಿಕ್ಕೆ ಪುರ್ಸೊತ್ತಾದ್ರೂ ಎಲ್ಲುಂಟು ಮಾರಾಯ್ರೇ!"

ಹಕೀಂ ಜೋರಾಗಿ ನಕ್ಕು, ಅವರನ್ನು ಒಳಗೆ ಕರೆದರು.