ಹಂಡೆರಾಯನ ಎದುರಾಳಿ

ಚಟ್ಟಕ್ಕೆ ಹೆಗಲು ಕೊಡಲು ನುಗ್ಗಿದ ಕುಮಾರನ ಅಂಗಿಯನ್ನು ಸುಪ್ರಿಯಾ ಹಿಂದಿನಿಂದ ಹಿಡಿದೆಳೆದಳು.

"ಆ ಕೈಗೆ ಭಾರ ಬೀಳ್ಬಾರ್ದು ಅಂತ ಎಷ್ಟು ಸಲ ಹೇಳಿದಾರೆ ನಿಂಗೆ?"

"ಇನ್ನು ಈ ಕೈ ಉಳಿಸ್ಕೊಂಡು ಎಂತ ಮಾಡ್ಲಿ ಅಕ್ಕೋರೇ?" ಅವನು ತಿರುಗಿ ನೋಡಲಿಲ್ಲ. "ಇವತ್ತಿಂದ ನಾ ಸಾಗರಕ್ಕೆ ಬರಲ್ಲ. ಸಾಕು."

ಅಷ್ಟರಲ್ಲಿ ಬೇರೆ ನಾಲ್ವರು ಹೆಗಲು ಕೊಟ್ಟಾಗಿತ್ತು. ಜೈನರ ಪಂಚನಮಸ್ಕಾರ ಮಂತ್ರ ಹೇಳುತ್ತಾ ಜನ ಅಂಗಳ ದಾಟಿದರು.

ಕುಮಾರನ ಎಡಗೈಯಲ್ಲಿ, ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ದಪ್ಪಗೊಳಿಸಿದ ನರ ಹಗ್ಗದ ಹಾಗೆ ಎದ್ದಿತ್ತು. ಸುಪ್ರಿಯಾಳ ಕೈಯಲ್ಲೂ ಅಂಥದೇ ಒಂದಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಸಾಗರದ ಆಸ್ಪತ್ರೆಯಲ್ಲಿ ಅವರಿಗೆಲ್ಲ ಡಯಾಲಿಸಿಸ್. ಸಾಲಾಗಿ ನಾಲ್ಕು ಹಾಸಿಗೆ, ನಾಲ್ಕು ಯಂತ್ರ, ನಾಲ್ಕು ಗಂಟೆ. ಮೊದಲನೇ ಹಾಸಿಗೆಯ ಜಯಕೀರ್ತಿ ಈಗ ಚಟ್ಟದ ಮೇಲಿದ್ದರು. ನಿನ್ನೆ ಸಂಜೆ ಎಂದಿನಂತೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ, ಜಗಲಿಯ ಕಂಬಕ್ಕೆ ಒರಗಿದವರು ಏಳಲಿಲ್ಲ.

ಇವತ್ತು ಸೋಮವಾರ. ಹೊಸನಗರದಿಂದ ಹನ್ನೆರಡೂವರೆಯ ಬಸ್ಸು. ಕಳೆದ ವರ್ಷ ಕುಮಾರ ಎರಡು ಸಲ ಡಯಾಲಿಸಿಸ್ ತಪ್ಪಿಸಿಕೊಂಡಾಗ ಎದೆಯಲ್ಲಿ ನೀರು ತುಂಬಿ, ಶಿವಮೊಗ್ಗಕ್ಕೆ ಹೊತ್ತೊಯ್ದು ಉಳಿಸಿಕೊಂಡಿದ್ದರು. ಇನ್ನೊಮ್ಮೆ ಹಾಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಅವನ ಮುಖಕ್ಕೇ ಹೇಳಿದ್ದರು. ಅವನಿಗಿನ್ನೂ ಇಪ್ಪತ್ತನಾಲ್ಕು.

ಸುಪ್ರಿಯಾ ಗಡಿಯಾರ ನೋಡಿದಳು. ಹತ್ತೂಕಾಲು.

ಗಂಡಸರ ಹಿಂದೆ ನಡೆಯುತ್ತಿದ್ದ ಡ್ರೈವರ್ ಮಾಸ್ತಪ್ಪ, ಪಕ್ಕದಲ್ಲಿದ್ದ ಅರಳಸುರಳಿಯ ಸೀತಾರಾಮಪ್ಪನವರಿಗೆ ಹೇಳುತ್ತಿದ್ದ. ಸೀತಾರಾಮಪ್ಪನವರದು ಮೂರನೇ ಹಾಸಿಗೆ.

"ಜಯಕೀರ್ತಣ್ಣ ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಲ್ಲಿ ಊರಿನ ಹೆಸರು ಕೂಗಿ ಜನ ಹತ್ತಿಸೋ ಏಜೆಂಟಾಗಿದ್ರು. ಬಸ್ ಬಿಡೋ ಹೊತ್ತಿಗೆ ಯಾರಾದ್ರೂ ಓಡಿ ಬರ್ತಿದ್ರೆ ಎಂತ ಮಾಡೋರು ಗೊತ್ತಾ? ನನ್ನ ಕಿಟಕಿ ಹತ್ರ ಬಂದು, 'ಮಾಸ್ತಪ್ಪ, ನಿನ್ನೆ ನಿಮ್ಮೂರ ಗುಡ್ಡದಲ್ಲಿ ಎಂತಾತು ಗೊತ್ತುಂಟಾ' ಅಂತ ಶುರು ಹಚ್ಕೊಳೋರು. ನಾ ಬ್ರೇಕ್ ಮೇಲೆ ಕಾಲಿಟ್ಟು ಕೇಳ್ತಾ ಕೂತ್ಕಳೋದು. ಓಡಿ ಬಂದೋರು ಹತ್ತಿದ್ರು ಅಂದ ಕೂಡ್ಲೆ, 'ಉಳಿದದ್ದು ನಾಳೆ, ನೀ ಹೊರಡು'!"

"ಓನರ್ ಬೈತಿರ್ಲಿಲ್ವನ?"

"ಬೈತಿದ್ರಪ್ಪ. ನಂಗೆ!" ಮಾಸ್ತಪ್ಪ ನಕ್ಕು, ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಇಷ್ಟು ವರ್ಷದಾಗೆ ಒಂದು ಕತೆದೂ ಕೊನೆ ನಂಗೆ ಗೊತ್ತಿಲ್ಲ."

*

ಕತೆ ಹೇಳುವ ಕಂಠವನ್ನು ದೇವರು ಯಾರಿಗೆ ಕೊಟ್ಟಿರುತ್ತಾನೋ, ಅದಕ್ಕೆ ತಕ್ಕ ಜಾಗವನ್ನೂ ಅವನೇ ತೋರಿಸುತ್ತಾನೆ. ಜಯಕೀರ್ತಿಗೆ ಮೊದಲು ಬಸ್‌ಸ್ಟ್ಯಾಂಡನ್ನು ತೋರಿಸಿದ. ಆಮೇಲೆ ಆ ನಾಲ್ಕು ಹಾಸಿಗೆಯ ಕೋಣೆಯನ್ನು.

ಎರಡು ವರ್ಷದ ಹಿಂದೆ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದ ಕುಮಾರ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹಾಸ್ಟೆಲಲ್ಲಿ ಎಂತ ಆಟ ಆಡ್ತಿದ್ರಿ ಎಂದು ಜಯಕೀರ್ತಿ ಒಂದು ದಿನ ಕೇಳಿದ್ದೇ ನೆಪವಾಯಿತು. ಒಬ್ಬರು ಕತೆ ನಡೆಸ್ತಾರೆ, ಉಳಿದವರು ಅದರೊಳಗಿನ ಪಾತ್ರ ಆಗ್ತಾರೆ, ಗೆದ್ರಾ ಸೋತ್ರಾ ಅಂತ ದಾಳ ಹೇಳುತ್ತೆ ಎಂದು ಅವನು ಗೋಡೆಗೇ ವಿವರಿಸಿದ.

"ಇದು ತಾಳಮದ್ದಳೆನೇ ಅಲ್ವನ ಮಾರಾಯ!" ಎಂದರು ಸೀತಾರಾಮಪ್ಪ. "ವೇಷ ಇಲ್ಲ, ಕುಣಿತ ಇಲ್ಲ. ಅವರು ಕೂತಲ್ಲೇ ಪಾತ್ರ ಆಗ್ತಾರೆ, ನಾವು ಮಲಗಿದಲ್ಲೇ."

ಮುಂದಿನ ಸರದಿಗೆ ಜಯಕೀರ್ತಿ ಮನೆಯಿಂದ ನಾಲ್ಕು ಕವಡೆ ತಂದರು. ಎಡಗೈಗೆ ಸೂಜಿ, ಬಲಗೈಯಲ್ಲಿ ಕವಡೆ. ಅಂದಿನಿಂದ ಅವರೆಲ್ಲ ಆ ಹಾಸಿಗೆಗಳ ಮೇಲೆಯೇ ಕೆಳದಿಯ ಅರಸರಾದರು, ದೂತರಾದರು, ಒಮ್ಮೆ ಕಾಡುಕೋಣದ ಹಿಂಡೂ ಆದರು. ಪ್ರತಿ ಸಲ ಕತೆ ಒಂದು ಬಾಗಿಲ ಮುಂದೆ ನಿಲ್ಲುತ್ತಿತ್ತು. ಬಾಗಿಲ ಹಿಂದೆ ಯಾರೆಂದು ತಿಳಿಯಲು ಕುಮಾರ ಬರುತ್ತಿದ್ದ.

ಮೊನ್ನೆ ಶುಕ್ರವಾರ ಹಳೆಯ ಕತೆ ಮುಗಿದು ಹೊಸದಕ್ಕೆ ತಲೆ ಓಡಿಸುತ್ತಿದ್ದರು.

"ಈ ಸಲ ಸೂಪರ್‌ಹೀರೋ ಮಾಡಣ" ಎಂದ ಕುಮಾರ. "ಎಲ್ಲರ ಹಾಗೆ ಮನುಷ್ಯರೇ. ಆದ್ರೆ ಯಾರಿಗೂ ಇಲ್ದಿರೋ ಒಂದು ಶಕ್ತಿ ಇರುತ್ತೆ. ಹಾರೋದು, ಮಾಯ ಆಗೋದು, ಹಂಗೆ."

"ಹಾರೋದೆಲ್ಲ ನಂಗೆ ಬ್ಯಾಡ" ಎಂದರು ಸೀತಾರಾಮಪ್ಪ. "ಒಂದಿಡೀ ಹಲಸಿನಹಣ್ಣು ತಿಂದು ದಕ್ಕಿಸ್ಕೊಳೋ ಶಕ್ತಿ ಕೊಡು."

ಡಾಕ್ಟರು ಹಲಸಿನ ಹೆಸರು ಎತ್ತಲೂ ಬಿಡದ ಆ ಕೋಣೆಯಲ್ಲಿ ಜೋರಾಗಿ ನಗೆ ಎದ್ದಿತು.

"ನನ್ನ ಹೀರೋ ನೀರು ಕುಡೀತಾನೆ" ಎಂದ ಕುಮಾರ. "ಎಷ್ಟು ಬೇಕಾದ್ರೂ. ಲಿಂಗನಮಕ್ಕಿ ಡ್ಯಾಂ ಒಂದೇ ಗುಟುಕಿಗೆ."

ಈಗ ಯಾರೂ ನಗಲಿಲ್ಲ. ದಿನಕ್ಕೆ ಮೂರು ಸಣ್ಣ ಲೋಟ ನೀರಿನ ಮೇಲೆ ಬದುಕುವವರು ಅವರೆಲ್ಲ.

"ಹೆಸರೆಂತ ಅವನದು?" ಎಂದರು ಜಯಕೀರ್ತಿ, ಮೆತ್ತಗೆ.

"ಹಂಡೆರಾಯ."

"ಒಳ್ಳೇ ಹೆಸರು. ಅಕ್ಕೋರೇ, ನಿಮಗೆ?"

"ಎದುರಿಗಿರೋರ ಮನಸ್ಸಲ್ಲಿ ಎಂತ ಇದೆ ಅಂತ ಗೊತ್ತಾಗ್ಬೇಕು" ಎಂದಳು ಸುಪ್ರಿಯಾ.

"ಬ್ಯಾಡ. ಮನಸ್ಸು ಗೊತ್ತಾಗಿಬಿಟ್ರೆ ಮಾತಾಡೋದು ಯಾಕೆ? ಕತೆ ಅಲ್ಲಿಗೇ ಮುಗೀತದೆ. ಬೇರೆ ಕೇಳಿ."

ಏಕಕಾಲಕ್ಕೆ ಎರಡು ಕಡೆ ಇರುವ ಶಕ್ತಿಯನ್ನು ಕೇಳಿದಳು. ಇಲ್ಲೂ ಇರಬೇಕು, ತಾನು ಪಾಠ ಹೇಳುವ ನಾಲ್ಕನೇ ಕ್ಲಾಸಿನಲ್ಲೂ ಇರಬೇಕು. ಅದು ಮಂಜೂರಾಯಿತು.

"ಇನ್ನು ಎದುರಾಳಿ" ಎಂದು ಜಯಕೀರ್ತಿ ದನಿ ತಗ್ಗಿಸಿದರು. "ಅವನು ಹೊತ್ತುಗಳ್ಳ. ಊರವರ ಮಧ್ಯಾಹ್ನಗಳನ್ನ ಕದ್ದೊಯ್ತಾನೆ. ವಾರಕ್ಕೆ ಮೂರು."

"ಅವನನ್ನ ಹೆಂಗೆ ಕೊಲ್ಲೋದು?" ಎಂದ ಕುಮಾರ.

"ನನ್ನ ಕತೇಲಿ ಯಾರೂ ಯಾರನ್ನೂ ಕೊಲ್ಲಂಗಿಲ್ಲ ಅಂತ ಎರಡು ವರ್ಷದಿಂದ ಬಡ್ಕೊಳ್ತಿದೀನಿ. ಯಾಕೆ ಕದೀತಾನೆ ಅಂತ ಮೊದ್ಲು ತಿಳೀಬೇಕು."

"ಯಾಕೆ?"

"ಸೋಮವಾರ ಹೇಳ್ತೀನಿ."

ರಾತ್ರಿ ಬಸ್ಸಿಳಿದ ಮೇಲೆ ಸುಪ್ರಿಯಾ ಅವರನ್ನು ಕೇಳಿದ್ದಳು, ಕಾರಣ ಏನೆಂದು.

"ನಂಗೂ ಗೊತ್ತಿಲ್ಲ" ಎಂದಿದ್ದರು. "ಆ ಹುಡುಗ ಬಸ್ ಹತ್ತೋವಾಗ 'ಸಾಕಾತು ಜಯಕೀರ್ತಣ್ಣ' ಅಂದ. ಸೋಮವಾರದ ತನಕ ಆದ್ರೂ ಹಿಡೀಬೇಕಲ್ಲ. ಅಷ್ಟರೊಳಗೆ ದೇವಿ ಪದ್ಮಾವತಿ ಅಮ್ಮ ಎಂತಾದ್ರೂ ಹೊಳೆಸ್ತಾಳೆ."

*

ಮನೆಯ ಹಿಂದಿನ ಹುಲ್ಲುಬಯಲಲ್ಲಿ ಚಿತೆ ಹತ್ತಿಕೊಂಡಿತ್ತು. ಹೆಂಗಸರು ಬೇಲಿಯ ಈಚೆಯೇ ನಿಂತಿದ್ದರು. ಜಯಕೀರ್ತಿಯವರ ಹೆಂಡತಿ ಶಾಂತಮ್ಮ ಸುಪ್ರಿಯಾಳ ಕೈ ಹಿಡಿದುಕೊಂಡರು.

"ಅಲ್ಲಿ ನೀವೆಲ್ಲ ಎಂತ ಮಾಡ್ತಿದ್ರಿ ಅಕ್ಕೋರೇ? ಶನಿವಾರ ಭಾನುವಾರ ಬಂತಂದ್ರೆ ಇವ್ರು ಜಗಲಿ ಮೇಲೆ ಅತ್ಲಾಗಿಂದಿತ್ಲಾಗೆ ತಿರುಗೋರು. ಮೊನ್ನೆ ಎಂತ ಅಂತ ಕೇಳಿದ್ರೆ, ಒಬ್ಬ ಕಳ್ಳನ್ನ ಹುಡುಕ್ತಿದೀನಿ ಅಂದ್ರು."

"ಸಿಕ್ಕಿದ್ನಂತಾ?"

"ನಿನ್ನೆ ನಾನೂ ಅದನ್ನೇ ಕೇಳ್ದೆ. ನಕ್ರು, ಅಷ್ಟೆ." ಶಾಂತಮ್ಮ ಹೊಗೆಯ ಕಡೆ ನೋಡಿದರು. ಆಮೇಲೆ ಅವಳ ಕೈ ಬಿಟ್ಟರು. "ಹೊರಡಿ ನೀವು. ಬಸ್ಸಿನ ಹೊತ್ತಾತು. ಅವ್ರಿದ್ದಿದ್ರೆ ನಿಮ್ಮನ್ನ ಹಿಂಗೆ ನಿಲ್ಲಿಸ್ಕಳ್ತಿದ್ರಾ?"

*

ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವರಿರಲಿಲ್ಲ. ಸೀತಾರಾಮಪ್ಪ ಆಗಲೇ ಹತ್ತಿ ಕೂತಿದ್ದರು. ಮಾಸ್ತಪ್ಪ ಬಸ್ಸು ಸ್ಟಾರ್ಟ್ ಮಾಡಿದ. ಅವರನ್ನು ಬಸ್ ಹತ್ತಿಸಿ ಕಳಿಸಲು ಬಂದಿದ್ದ ಕುಮಾರ ಹೂವಿನಂಗಡಿಯ ನೆರಳಲ್ಲಿ ಕೈಕಟ್ಟಿ ನಿಂತಿದ್ದ.

"ಬಾರೋ" ಎಂದಳು ಸುಪ್ರಿಯಾ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು.

"ಹೋಗಿ ಬನ್ನಿ ಅಕ್ಕೋರೇ."

ಹದಿನೆಂಟು ವರ್ಷ ಪಾಠ ಹೇಳಿದವಳು. ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಹುಟ್ಟಿಸಿದವಳಲ್ಲ.

"ಹೊತ್ತುಗಳ್ಳ ಯಾಕೆ ಕದೀತಾನೆ ಅಂತ ನಂಗೆ ಹೇಳಿದಾರೆ" ಎಂದುಬಿಟ್ಟಳು.

ಕುಮಾರ ತಲೆ ಎತ್ತಿದ. "ಎಂತಕಂತೆ?"

ಅವಳ ತಲೆ ಒರೆಸಿಟ್ಟ ಬೋರ್ಡಿನ ಹಾಗೆ ಖಾಲಿಯಾಗಿತ್ತು. "ಅವನು... ಅವನೊಬ್ಬ ರಾಕ್ಷಸ. ಅದಕ್ಕೇ ಕದೀತಾನೆ. ಹಂಡೆರಾಯ ಡ್ಯಾಮಿನ ನೀರೆಲ್ಲ ಕುಡಿದು ಅವನ ಮೇಲೆ ಉಗುಳ್ತಾನೆ. ಅವನು ಮುಳುಗಿ ಸತ್ತೋಗ್ತಾನೆ."

"ಸತ್ತೋಗ್ತಾನಾ?" ಕುಮಾರ ರಸ್ತೆಗಿಳಿದ. "ಜಯಕೀರ್ತಣ್ಣ ಹಿಂಗಂದ್ರಾ? ಇರುವೆ ಕಂಡ್ರೆ ಬಗ್ಗಿ ದಾರಿ ಬಿಡೋ ಮನುಷ್ಯ?"

"ಮತ್ತೆ ನೀ ಹೇಳು, ಹೆಂಗೆ ಅಂತ!" ಎಂದಳು ಸುಪ್ರಿಯಾ. "ನಂಗೆ ಬರೋದೇ ಇಷ್ಟು ಕಣೋ."

"ಹಂಡೆರಾಯನೂ ಉಗುಳೋನಲ್ಲ ಅಕ್ಕೋರೇ! ಅಷ್ಟು ದಾಹ ಇರೋನು ಒಂದು ಹನಿ ಉಗುಳ್ತಾನನ್ರೀ?" ಅವನು ಮೆಟ್ಟಿಲ ಹತ್ತಿರವೇ ಬಂದಿದ್ದ. "ನನ್ನ ಹೀರೋನೇ ಹಾಳು ಮಾಡಿದ್ರಲ್ಲ ನೀವು!"

"ಹತ್ತಿ ಜಗಳ ಆಡ್ರಿ ಮಾರಾಯ್ರೆ" ಎಂದು ಮಾಸ್ತಪ್ಪ ಒಳಗಿಂದ ಕೂಗಿದ.

ಮುಂದಿನ ಮಾತು ಹೇಳಲೆಂದೇ ಕುಮಾರ ಬಲಗೈಯಿಂದ ಕಂಬಿ ಹಿಡಿದ. ಕಾಲು ಮೆಟ್ಟಿಲೇರಿತು. ಬಸ್ಸು ಹೊರಟಿತು. ಸುಪ್ರಿಯಾ ಕೂತಳು. ಅವನು ಕೂರಲಿಲ್ಲ.

"ರಾಕ್ಷಸ ಗೀಕ್ಷಸ ಎಂತದೂ ಅಲ್ಲ" ಎಂದ. ಆಮೇಲೆ ಹುಬ್ಬು ಗಂಟಿಕ್ಕಿದ. "ಅವನ ಮನೇಲಿ ಯಾರೋ ಮಲಗಿದಾರೆ. ಎದ್ದೇಳಲ್ಲ. ಅವರ ಪಾಲಿನ ಹೊತ್ತು ಮುಗೀತಾ ಬಂದಿದೆ. ಅದಕ್ಕೇ ಇವನು ಊರೆಲ್ಲ ತಿರುಗಿ ಒಂದೊಂದು ಮಧ್ಯಾಹ್ನ ಕದ್ದು ತಂದು ಅವರ ತಲೆ ಹತ್ರ ಇಡ್ತಾನೆ."

"ಯಾರು ಮಲಗಿರೋದು?" ಎಂದರು ಮುಂದಿನ ಸೀಟಿನ ಸೀತಾರಾಮಪ್ಪ.

"ತಡೀರಿ, ಹೇಳ್ತೀನಿ. ಹಂಡೆರಾಯ ಆ ಮನೆಗೆ ಹೋಗ್ತಾನೆ. ಬಾಗಿಲು ತಟ್ಟಿ, ನೀರು ಕೇಳ್ತಾನೆ..."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ ಕೈ ನಿಧಾನವಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಮೊಬೈಲಿನ ಹಾಡು ನಿಲ್ಲಿಸಿದರು. ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಂತಾಗ, ಅಲ್ಲಿಗೆ ಟಿಕೆಟ್ ಕೊಂಡಿದ್ದ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು ಎದ್ದಳು. ಬಾಗಿಲ ಕಡೆ ನೋಡಿದಳು, ಕುಮಾರನ ಕಡೆ ನೋಡಿದಳು. ಆಮೇಲೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೂತು, ಸೀಟಿ ಊದು ಎಂದು ಕಂಡಕ್ಟರನಿಗೆ ಕೈಸನ್ನೆ ಮಾಡಿದಳು.