ಎಣ್ಣೆ ಮುಟ್ಟದ ಹಳಿ

ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ ಕನ್ನಡಕದಂಗಡಿಯವನು ಮೆಟ್ಟಿಲ ಕೆಳಗಿದ್ದ ಹೊಲಿಗೆ ಮೆಷಿನನ್ನು ಗೋಡೆಗೆ ತಳ್ಳಿ, ಮೇಲೆ ಹೋಗಲು ದಾರಿ ಬಿಡಿಸುತ್ತಿದ್ದ. ಅವನ ಕಂಕುಳಲ್ಲಿ ಮಡಿಸಿದ ಬಿಳಿ ಬಟ್ಟೆಯಿತ್ತು.

"ಮೆಲ್ಲಗೆ. ಅದರ ಕಾಲು ಅಲ್ಲಾಡುತ್ತೆ," ಎಂದಳು ಸತ್ತವನ ಹೆಂಡತಿ.

"ಇವತ್ತಾದ್ರೂ ಮೆಷಿನ್ ಚಿಂತೆ ಬಿಡಿ ಅತ್ತಿಗೆ," ಎಂದಳು ನಾದಿನಿ. "ಅಣ್ಣನ ಮರ್ಯಾದೆ ವಿಷಯ ಇದು."

ಮರ್ಯಾದೆಯಂತೆ! ಸತ್ತವನು ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತ. ಮಹಡಿಯ ಕೋಣೆ ತುಂಬ ಮೇಜು ಹಾಕಿ, ಅದರ ಮೇಲೆ ಗೇಣುದ್ದದ ರೈಲು ಓಡಿಸುತ್ತಿದ್ದ. ಆಟಿಕೆ ಅಂದವರ ಜೊತೆ ಮಾತು ಬಿಡುತ್ತಿದ್ದ. ಇಂಥ ರೈಲಿಗೆ ಕರೆಂಟು ಹಳಿಯಿಂದಲೇ ಬರಬೇಕು. ಹಳಿಯ ಮೇಲೆ ಕೊಳೆ ಕೂತರೆ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ಹಾಗಾಗಿ ಒರೆಸಬೇಕು. ಉಳಿದವರು ಓಡಿಸುವುದಕ್ಕಾಗಿ ಒರೆಸಿದರೆ, ಈತ ಒರೆಸುವುದಕ್ಕಾಗಿಯೇ ಬದುಕಿದ.

ಮಾಡಲು ಬೇರೆ ಕೆಲಸವಿಲ್ಲದವರಿಗೂ ಒಂದು ಸಂಘ ಬೇಕಲ್ಲ, ಇವರಿಗೂ ಇತ್ತು. ಅದರಲ್ಲಿ ಎರಡು ಪಾರ್ಟಿ. ಹಳಿಗೆ ಎಣ್ಣೆಯ ಪಸೆ ಸವರಿದರೆ ರೈಲು ನಿಲ್ಲದೆ ಓಡುತ್ತದೆ ಎನ್ನುವವರದು ಎಣ್ಣೆ ಪಾರ್ಟಿ. ಎಣ್ಣೆಗೆ ಧೂಳು ಅಂಟುತ್ತದೆ, ಸ್ಪಿರಿಟ್ ಒಂದೇ ಗತಿ ಎನ್ನುವವರದು ಸ್ಪಿರಿಟ್ ಪಾರ್ಟಿ. ಇದರ ಮುಖಂಡನೇ ಸತ್ತವನು. ಸಂಘದಲ್ಲಿ ಅವನ ಹೆಸರು ಶುದ್ಧಪ್ಪ. ಭಾಷಣದ ಮೇಲೆ ಭಾಷಣ ಬಿಗಿದು ಎಣ್ಣೆಯವರನ್ನೆಲ್ಲ ಸಂಘದಿಂದ ಓಡಿಸಿದ್ದ. ಅವನ ಮಾತು ನಂಬಿ ಕನ್ನಡಕದಂಗಡಿಯವನು ಎಣ್ಣೆ ಹಚ್ಚುತ್ತಿದ್ದ ಸ್ವಂತ ಅಣ್ಣನ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಿದ್ದ.

ಸದಸ್ಯ ತೀರಿಕೊಂಡರೆ ಅವನ ಹಳಿಯ ಮೇಲೆ ಬಿಳಿ ಬಟ್ಟೆ ಎಳೆದು, ಬಟ್ಟೆ ಬೆಳ್ಳಗೇ ಉಳಿದರೆ ಅದನ್ನು ಅವನ ಕೈಯಲ್ಲಿಟ್ಟು ಕಳಿಸುವುದು ಸಂಘದ ಪದ್ಧತಿ. ತಲೆ ನರೆತ ಗಂಡಸರು ಇದನ್ನು ಕಣ್ಣು ಒದ್ದೆ ಮಾಡಿಕೊಂಡು ವಿವರಿಸುತ್ತಿದ್ದರು.

*

ಹೊಲಿಗೆ ಮೆಷಿನ್ ಮೊದಲು ಮಹಡಿಯ ಕಿಟಕಿಯ ಪಕ್ಕದಲ್ಲಿತ್ತು. ನೂಲಿನ ಜುಂಗು ಹಳಿಯ ಮೇಲೆ ಬೀಳುತ್ತದೆ ಎಂದು ಗಂಡ ಅದನ್ನು ಮೆಟ್ಟಿಲ ಕೆಳಗೆ ಅಟ್ಟಿದ. ಅವಳು ಬಲ್ಬಿನ ಬೆಳಕಿನಲ್ಲಿ ಶಾಲೆಯ ಸಮವಸ್ತ್ರ ಹೊಲಿದಳು.

ಮೆಷಿನಿಗೆ ತಂದ ಎಣ್ಣೆ ನಿಲ್ಲುತ್ತಿರಲಿಲ್ಲ. ತುಂಬಿದ ಬಾಟಲಿ ನೋಡನೋಡುತ್ತ ಅರ್ಧವಾಗುತ್ತಿತ್ತು.

"ಇವಳು ಎಣ್ಣೆ ಮೆಷಿನಿಗೆ ಹಾಕ್ತಾಳೋ, ತಾನೇ ಕುಡೀತಾಳೋ!" ಎಂದು ಬಂದವರ ಮುಂದೆ ಅವನು ನಗುತ್ತಿದ್ದ. ನಾದಿನಿ ಆ ಮಾತನ್ನು ನೆಂಟರ ಮನೆಮನೆಗೂ ಹಂಚಿದಳು.

ಬಾಟಲಿ ಸೋರುತ್ತಿರಬೇಕು ಎಂದು ಅಡಿಗೆ ಕಾಗದ ಹಾಸಿದಳು. ಕಾಗದ ಒಣಗಿಯೇ ಇತ್ತು. ಮುಚ್ಚಳ ಬದಲಿಸಿದಳು. ಕೊನೆಗೆ, ಹಾಕಿದ್ದು ತನಗೇ ನೆನಪಿರುತ್ತಿಲ್ಲ, ಬುದ್ಧಿ ಕೈಕೊಡುತ್ತಿದೆ ಎಂದು ನಂಬಿಬಿಟ್ಟಳು. ಅಳತೆ ತಪ್ಪಿ ಮಕ್ಕಳ ಬಟ್ಟೆ ಹಾಳಾದೀತು ಎಂಬ ಹೆದರಿಕೆಯಿಂದ ಶಾಲೆಯ ಕೆಲಸ ಬಿಟ್ಟಳು. ಅವಳ ಪಾಲಿಗಿದ್ದದ್ದು ಅದೊಂದೇ ಕೆಲಸ. ಬಿಟ್ಟ ದಿನ ಮೆಷಿನಿಗೆ ಹೊದಿಕೆ ಹಾಕಿ ಅತ್ತಳು. ಗಂಡ ಮೇಲೆ ಹಳಿ ಒರೆಸುತ್ತಿದ್ದ.

*

ಮಹಡಿಗೆ ಬಂದ ಸಂಘದವರ, ಮನೆಯವರ ಮುಂದೆ ಕನ್ನಡಕದಂಗಡಿಯವನು ಬಟ್ಟೆಯನ್ನು ಹಳಿಯ ಮೇಲಿಟ್ಟು, ಮೇಜಿನ ಈ ತುದಿಯಿಂದ ಆ ತುದಿಗೆ ಎಳೆದ. ತಿರುವಿ ನೋಡಿದ. ಎರಡು ಕಂದು ಗೀರು, ಜಿಡ್ಡಿನಿಂದ ಮಿರುಗುತ್ತಿದ್ದವು.

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ಅಮ್ಮ, ನೀವೇನಾದ್ರೂ ಒರೆಸೋಕೆ ಹೋಗಿದ್ರಾ?" ಎಂದ ಕನ್ನಡಕದಂಗಡಿಯವನು.

"ಬೆಳಿಗ್ಗೆ ಇವ್ರು ಮೇಲೆ ಬಂದಿದ್ದನ್ನ ನಾನೇ ನೋಡ್ದೆ," ಎಂದಳು ನಾದಿನಿ. "ಆ ಮೆಷಿನ್ ಎಣ್ಣೆ ಕೈಯಲ್ಲೇ ಮುಟ್ಟಿರ್ತಾರೆ. ಅಣ್ಣ ಇದ್ದಿದ್ರೆ..."

"ನಾನು ಮುಟ್ಟಿಲ್ಲ," ಎಂದಳು. ಹಾಗೆಂದ ಮೇಲೆ, ಮುಟ್ಟಿ ಮರೆತೆನೇನೋ ಎಂದು ಅವಳಿಗೇ ಅನುಮಾನವಾಯಿತು.

"ಇರ್ಲಿ ಬಿಡಿ, ಅವರದೇ ಸ್ಪಿರಿಟಲ್ಲಿ ಒರೆಸಿ ಇನ್ನೊಂದು ಸಲ ಎಳೀತೀನಿ." ಅವನು ಶುದ್ಧಪ್ಪನ ಕೈಬರಹದಲ್ಲಿ 'ಸ್ಪಿರಿಟ್' ಎಂದು ಚೀಟಿ ಅಂಟಿಸಿದ್ದ ಬಾಟಲಿಯನ್ನು ಬಟ್ಟೆಯ ಮೇಲೆ ಬಗ್ಗಿಸಿದ. ಒಳಗಿದ್ದದ್ದು ಅವಸರವಿಲ್ಲದೆ ಮಂದವಾಗಿ ಇಳಿಯಿತು. ಅವನು ಮೂಸಿ ನೋಡಿದ. ಮುಖ ಪೆಚ್ಚಾಯಿತು.

ಅವಳು ಬಾಟಲಿ ಕಿತ್ತುಕೊಂಡು ಮೂಸಿದಳು. ಆ ವಾಸನೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ತನ್ನ ತಲೆ ನೆಟ್ಟಗಿತ್ತು. ಇಷ್ಟು ವರ್ಷವೂ ನೆಟ್ಟಗೇ ಇತ್ತು. ಸಿಟ್ಟು ಅದರ ಬೆನ್ನಿಗೇ ಬಂತು.

"ಇದು ನನ್ನ ಎಣ್ಣೆ. ನಾನು ಕುಡೀತೀನಿ ಅಂತ ಆಡ್ಕೊಂಡ್ರಲ್ಲ ಎಲ್ರೂ, ಕುಡಿದೋರು ಕೆಳಗೆ ಮಲಗಿದ್ದಾರೆ, ಹೋಗಿ ನೋಡಿ."

"ಸತ್ತೋರ ಬಗ್ಗೆ ಹಾಗನ್ಬಾರ್ದು ಅತ್ತಿಗೆ," ನಾದಿನಿಯ ದನಿ ಇಳಿದಿತ್ತು. "ಪಾಪ, ಅಣ್ಣ ಗೊತ್ತಿಲ್ದೆ ತುಂಬಿಸ್ಕೊಂಡಿರ್ಬೇಕು."

"ಗೊತ್ತಿಲ್ದೆ? ಇನ್ನೊಬ್ಬರ ಮನೇಲಿ ಎಣ್ಣೆ ವಾಸನೆ ಬಂದ್ರೆ ಸಂಘದಿಂದ ಕಿತ್ತು ಹಾಕ್ತಿದ್ದ ಮೂಗು ಅದು! ನನ್ನ ಮೇಲಿನ ಮಾತನ್ನ ಮನೆಮನೆಗೂ ಹೊತ್ತೆಯಲ್ಲ, ಇದನ್ನೂ ಹೊತ್ಕೊಂಡು ಹೋಗು."

ನಾದಿನಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೆಳಗಿಳಿದಳು. ಉಳಿದವರಿಗೂ ಕೆಳಗೆ ಏನೇನೋ ಕೆಲಸ ನೆನಪಾಯಿತು. ಕನ್ನಡಕದಂಗಡಿಯವನೊಬ್ಬನೇ ನಿಂತ.

"ಇವನ ಮಾತು ಕಟ್ಕೊಂಡು ನಮ್ಮಣ್ಣನ್ನ ಬಿಟ್ಟೆ," ಎಂದ.

ಇನ್ನಾದರೂ ಈ ಮನುಷ್ಯ ಓಡಿಹೋಗಿ ಅಣ್ಣನ ಕೈ ಹಿಡಿದಾನು ಎಂದುಕೊಂಡಳು ಅವಳು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅಮ್ಮ, ಅಣ್ಣ ಗೇಟ್ ಹತ್ರಾನೇ ನಿಂತಿದಾನೆ. ಅವನಿಗೆ ಗೊತ್ತಾದ್ರೆ ನಾನು ತಲೆ ಎತ್ತೋ ಹಾಗಿಲ್ಲ. ಸ್ವಲ್ಪ ಸೋಪಿನ ನೀರು ಕೊಡ್ತೀರಾ? ಒಂದು ಬಟ್ಟೆ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಗಿಲ ಹಿಂದಿನ ಗೂಟದಿಂದ ಗಂಡನ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಎಳೆದು ಅವನತ್ತ ಎಸೆದಳು. ಸಂಘದ ಸಭೆಗೆಂದೇ ಇಟ್ಟಿದ್ದ ಅಂಗಿ ಅದು.

"ನೀರು ಬಚ್ಚಲಲ್ಲಿದೆ. ಒರೆಸಿ, ಎಲ್ಲಾ ಕಿತ್ಕೊಂಡು ನಿಮ್ಮ ಮನೆಗೇ ತಗೊಂಡ್ಹೋಗಿ. ಸಂಜೆ ಹೊತ್ತಿಗೆ ನನ್ನ ಮೆಷಿನ್ ಇಲ್ಲಿರ್ಬೇಕು."

ಕೆಳಗೆ ಶವ ಎತ್ತುವಾಗ ಒಂದು ಹೆಗಲು ಕಡಿಮೆ ಬಿತ್ತು. ಗೇಟಿನ ಬಳಿ ನಿಂತಿದ್ದ ಎಣ್ಣೆ ಪಾರ್ಟಿಯ ಅಣ್ಣ ಚಪ್ಪಲಿ ಕಳಚಿ ಬಂದು ಹೆಗಲು ಕೊಟ್ಟ. ಶವವನ್ನು ಗಾಡಿಗೇರಿಸಿದ ಮೇಲೆ ಸುತ್ತ ನೋಡಿ ಕೇಳಿದ, "ನನ್ನ ತಮ್ಮ ಬರಲ್ವಾ ಅಮ್ಮ?"

"ಅವನಿಗೆ ಕೆಲಸ ಇದೆ," ಎಂದು ಅವಳು ಗಾಡಿ ಹತ್ತಿದಳು.

ಗಾಡಿ ಹೊರಟಿತು. ಮಹಡಿಯ ಕಿಟಕಿಯ ಗಾಜಿನಾಚೆ ಬಿಳಿ ಅಂಗಿಯ ಖಾಲಿ ತೋಳೊಂದು, ಬೀದಿಯ ತಿರುವು ಬರುವವರೆಗೂ, ಹಿಂದೆ ಮುಂದೆ ಆಡುತ್ತಲೇ ಇತ್ತು.